ಗರಡಿಯ ಜೊತೆಗಾರ: ಅಂಗಸಾಧನೆಯಲ್ಲಿ ಸಮ-ವಿಷಮ ವಿಚಾರ

ವ್ಯಾಯಾಮವನ್ನು ಕುರಿತು ಬರೆಯುವವರು ಶರೀರದ ಮಹತ್ತ್ವವನ್ನು ಸಾರುವ ಸಂಸ್ಕೃತ ಸೂಕ್ತಿಯೊಂದನ್ನು ಉದ್ಧರಿಸಿ ಆರಂಭಿಸುವುದು ವಾಡಿಕೆ. ಆ ಸೂಕ್ತಿಯು ಶಾಲೆಗಳ ಗೋಡೆಗಳ ಮೇಲೆ ಈಗಾಗಲೇ ಸಾಕಷ್ಟು ಬರೆಯಲ್ಪಟ್ಟಿರುವುದರಿಂದ ಇಲ್ಲಿ ಅದನ್ನು ಬಿಟ್ಟಿದ್ದೇನೆ. ಪ್ರಸ್ತುತ ನನ್ನ ವಿಷಯ ಶರೀರವಲ್ಲ. ಶರೀರವನ್ನು ಸಾಧಿಸುವವನ ಎದುರಿಗೆ ನಿಲ್ಲುವ ಇನ್ನೊಂದು ಶರೀರ, ಎಂದರೆ ಜೊತೆಗಾರ. ಒಬ್ಬನೇ ಇದ್ದಾಗ ಹತ್ತು ದಂಡಗಳಿಗೆ ಸೋಲುವ ಹುಡುಗನು ಜೊತೆಗೊಬ್ಬನಿದ್ದರೆ ಹದಿನೈದು ಹೊಡೆಯುತ್ತಾನೆ. ಅದೇ ಹುಡುಗನು ಮತ್ತೊಬ್ಬನ ಜೊತೆಯಲ್ಲಿ ಐದಕ್ಕೇ ಕುಳಿತುಬಿಡುತ್ತಾನೆ. ತೋಳು ಅದೇ, ಮುಂಜಾವು ಅದೇ, ಉಂಡ ರೊಟ್ಟಿಯೂ ಅದೇ. ಬದಲಾದದ್ದು ಎದುರಿಗಿದ್ದವನು ಮಾತ್ರ. ಆ ಎದುರಿಗಿನವನು ಬಲದಲ್ಲಿ ಹೆಚ್ಚಿನವನೋ ಕಡಿಮೆಯವನೋ, ಸಿರಿವಂತನೋ ಬಡವನೋ, ಯಾವ ಓಣಿಯವನು, ಯಾವ ಮನೆತನದವನು ಎಂಬ ಸಂಗತಿಗಳು ಸಾಧಕನ ಉತ್ಸಾಹವನ್ನು ಹೇಗೆ ಏರಿಳಿಸುತ್ತವೆ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಕನ್ನಡ ಪಂಡಿತನಿಗೆ ಮೈದಾನದ ಗೊಡವೆ ಏಕೆಂದು ನಮ್ಮ ದೈಹಿಕ ಶಿಕ್ಷಕ ಮಿತ್ರರು ನಗಬಹುದು. ಶಬ್ದಗಳ ದಾರಿಯಿಂದಲೇ ನಾನು ಅಲ್ಲಿಗೆ ಬಂದೆನೆಂದು ಅವರಿಗೆ ಅರಿಕೆ. ನಮ್ಮ ಸೀಮೆಯಲ್ಲಿ ಗರಡಿಮನೆಗೆ ತಾಲೀಮು ಎಂಬ ಹೆಸರೂ ಉಂಟಷ್ಟೆ. ಅದು ಅರಬ್ಬೀ ಮೂಲದ ಮಾತು. ಅದರ ಅರ್ಥ ಶಿಕ್ಷಣ. ಗರಡಿಯ ಹಿರಿಯನನ್ನು ವಸ್ತಾದ ಎನ್ನುತ್ತೇವೆ. ಅದು ಪಾರಸಿಯಿಂದ ಬಂದದ್ದು. ಅದರ ಅರ್ಥ ಗುರು. ಹಳೆಯ ಕನ್ನಡ ಕಾವ್ಯಗಳಲ್ಲಿ ಗರುಡಿ ಎಂದರೆ ಕೇವಲ ಕುಸ್ತಿಯ ಮನೆಯಲ್ಲ, ಶಸ್ತ್ರವಿದ್ಯೆಯನ್ನು ಕಲಿಯುವ ಸ್ಥಳವೂ ಹೌದು. ಆದುದರಿಂದ ಪಾಠಶಾಲೆಗೂ ಗರಡಿಗೂ ನಡುವೆ ಗೋಡೆಯನ್ನು ಕಟ್ಟಿದವರು ನಾವು. ಭಾಷೆ ಅದನ್ನು ಕಟ್ಟಿಲ್ಲ.

ವಿಜಯಪುರ ನಗರದ ಹಳೆಯ ಓಣಿಗಳಲ್ಲಿಯೂ, ಪಡುವಲ ದಿಕ್ಕಿನ ತಿಕೋಟಾದ ಕಡೆಗೂ, ಡೋಣಿ ಹೊಳೆಯನ್ನು ದಾಟಿ ಹೋಗುವ ಬಬಲೇಶ್ವರದ ಕಡೆಗೂ ಗರಡಿ ಎಂಬುದು ಅಪರಿಚಿತವಾದ ಸಂಗತಿಯಲ್ಲ. ಜಾತ್ರೆಯೆಂದರೆ ತೇರಿನ ಮರುದಿನ ಕುಸ್ತಿ ಎಂಬ ಭಾವನೆ ಈ ಭಾಗದ ಜನರಲ್ಲಿ ಇಂದಿಗೂ ಅಳಿದಿಲ್ಲ. ಸಂಕ್ರಮಣದ ಸಮಯದಲ್ಲಿ ನಡೆಯುವ ವಿಜಯಪುರದ ಶ್ರೀ ಸಿದ್ಧೇಶ್ವರ ಜಾತ್ರೆಯಲ್ಲಿ ಕುಸ್ತಿಯೊಂದಿಗೆ ಭಾರ ಎತ್ತುವ ಸ್ಪರ್ಧೆಯೂ ಇರುವುದನ್ನು ವಾಚಕರು ಬಲ್ಲರು. ಕಲ್ಲು ಎತ್ತುವವನು ಒಬ್ಬಂಟಿಗ. ಆದರೆ ಕುಸ್ತಿಯವನಿಗೆ ಜೋಡಿ ಬೇಕೇ ಬೇಕು. ಜೋಡಿ ಹಚ್ಚುವುದು ಎಂಬ ಮಾತೇ ಇದೆ. ಕಣದಲ್ಲಿ ಜೋಡಿ ಹಚ್ಚುವ ಹಿರಿಯನು ಇಬ್ಬರನ್ನೂ ಎದುರುಬದುರು ನಿಲ್ಲಿಸಿ, ಭುಜ, ತೊಡೆ, ಕುತ್ತಿಗೆಗಳನ್ನು ನೋಡಿ, ಸರಿಜೋಡಿಯೋ ಅಲ್ಲವೋ ಎಂದು ತೀರ್ಮಾನಿಸುತ್ತಾನೆ. ತಕ್ಕಡಿಯಿಲ್ಲದ ಈ ತೂಕದಲ್ಲಿ ಆತ ತಪ್ಪಿದರೆ ನೆರೆದ ಜನರೇ ಕೂಗಿ ಹೇಳುತ್ತಾರೆ.

ಈ ಜೋಡಿಯ ಶಾಸ್ತ್ರ ನಮ್ಮ ನಾಡಿನಲ್ಲಿ ಬಹು ಪ್ರಾಚೀನವಾದುದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದವೆಂಬ ಒಂದು ಪ್ರಕರಣವೇ ಉಂಟು. ಇಂದಿನ ವಿಜಯಪುರದ ಸುತ್ತಲಿನ ತರ್ದವಾಡಿ ಸಾಸಿರವು ಆತನ ಆಳ್ವಿಕೆಗೆ ಒಳಪಟ್ಟ ನಾಡು. ಭೂಲೋಕಮಲ್ಲನೆಂಬ ಬಿರುದನ್ನು ಹೊತ್ತವನು ಮಲ್ಲರನ್ನು ಕುರಿತು ಬರೆದದ್ದು ಯುಕ್ತವೇ ಆಗಿದೆ. ಆತನು ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಮುಂತಾಗಿ ವಿಂಗಡಿಸುತ್ತಾನೆ; ವಯಸ್ಸು, ಮೈಕಟ್ಟು, ಬಲ ಇವುಗಳನ್ನು ಲಕ್ಷಿಸುತ್ತಾನೆ; ಅವರ ಸಾಧನೆಯ ಕ್ರಮವನ್ನೂ ಆಹಾರವನ್ನೂ ವಿವರಿಸುತ್ತಾನೆ. ಬೇಳೆ, ಹಾಲು, ಸಕ್ಕರೆ ಮುಂತಾದುವನ್ನು ಒದಗಿಸುವ ಹೊಣೆ ಅರಸನದೇ. ಗಮನಿಸಬೇಕಾದ ಅಂಶ ಇದು: ಉಣ್ಣುವ ಅನ್ನದ ವ್ಯತ್ಯಾಸವನ್ನು ಮೊದಲು ಹೋಗಲಾಡಿಸಿ, ಅನಂತರ ಬಲದ ವ್ಯತ್ಯಾಸವನ್ನು ಅಳೆಯುವುದು ಆ ವ್ಯವಸ್ಥೆಯ ರೀತಿ. ಮನೆಯಲ್ಲಿ ಹಾಲಿಲ್ಲದವನನ್ನೂ ಹೈನು ಇರುವವನನ್ನೂ ಒಂದೇ ಕಣದಲ್ಲಿ ನಿಲ್ಲಿಸಿ, ಯಾರು ಸೋಮಾರಿ ಎಂದು ನಿರ್ಣಯಿಸುವ ಇಂದಿನ ನಮ್ಮ ರೀತಿಗಿಂತ ಅದು ಮೇಲಲ್ಲವೇ?

ಒಕ್ಕಲಿಗನಿಗೆ ಈ ತತ್ತ್ವ ಪುಸ್ತಕವಿಲ್ಲದೆ ತಿಳಿದಿದೆ. ಎರಡು ಎತ್ತುಗಳಲ್ಲಿ ಒಂದು ಬಲಹೀನವಾಗಿದ್ದರೆ ಆತ ನೊಗದ ನಡುಗಟ್ಟನ್ನು ಬಲವಾದ ಎತ್ತಿನ ಕಡೆಗೆ ತುಸು ಸರಿಸುತ್ತಾನೆ. ಆಗ ಭಾರದ ಹೆಚ್ಚು ಪಾಲು ಬಲ್ಲಿದ ಎತ್ತಿನ ಹೆಗಲಿಗೆ ಬೀಳುತ್ತದೆ. ಬಡ ಎತ್ತು ಹಿಂದೆ ಬೀಳದೆ ಹೆಜ್ಜೆ ಹಾಕುತ್ತದೆ. ಆದರೆ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುವ ಜೋಡಿಗೆ ಯಾವ ನೊಗವೂ ಹೊಂದುವುದಿಲ್ಲ. ಬಲದ ಭೇದವನ್ನು ಸರಿದೂಗಿಸಬಹುದು, ಸ್ವಭಾವದ ಭೇದವನ್ನು ಸರಿದೂಗಿಸುವುದು ಕಷ್ಟ ಎಂಬುದು ಆ ಗಾದೆಯ ತಾತ್ಪರ್ಯ. ಹಾಗಾದರೆ ಸಮಾಜವು ಮಾಡಿಟ್ಟ ಭೇದ ಯಾವ ಬಗೆಯದು? ಅದು ಬಲದ್ದೂ ಅಲ್ಲ, ಸ್ವಭಾವದ್ದೂ ಅಲ್ಲ. ಆ ಪ್ರಶ್ನೆಗೆ ಮುಂದೆ ಬರುತ್ತೇನೆ.

ಪಾಶ್ಚಾತ್ಯರು ಈ ವಿಷಯವನ್ನು ಪ್ರಯೋಗದಿಂದ ಪರೀಕ್ಷಿಸಿದ್ದಾರೆ. ಅಮೆರಿಕೆಯ ನಾರ್ಮನ್ ಟ್ರಿಪ್ಲೆಟ್ ಎಂಬ ವಿದ್ವಾಂಸನು 1898ರಲ್ಲಿ ಪ್ರಕಟಿಸಿದ ಲೇಖನಕ್ಕೆ ಪ್ರೇರಣೆ ದೊರೆತದ್ದು ಸೈಕಲ್ ಸವಾರರಿಂದ ಎಂಬುದು, ರಾಷ್ಟ್ರಮಟ್ಟದ ಸೈಕಲ್ ಪಟುಗಳನ್ನು ನೀಡಿದ ವಿಜಯಪುರ ಜಿಲ್ಲೆಯವರಾದ ನಮಗೆ ವಿಶೇಷ ಕುತೂಹಲದ ಸಂಗತಿ. ಒಬ್ಬನೇ ಕಾಲದೊಡನೆ ಸೆಣಸುವ ಸವಾರನಿಗಿಂತ ಮುಂದೆ ಅಥವಾ ಪಕ್ಕದಲ್ಲಿ ಇನ್ನೊಬ್ಬನಿದ್ದ ಸವಾರನು ವೇಗವಾಗಿ ಹೋಗುತ್ತಾನೆಂಬುದನ್ನು ಆತ ಕಂಡನು. ಅನಂತರ 40 ಮಕ್ಕಳ ಕೈಗೆ ಮೀನು ಹಿಡಿಯುವವರ ದಾರದ ರಾಟೆಯನ್ನು ಕೊಟ್ಟು, ಒಮ್ಮೆ ಒಬ್ಬೊಬ್ಬರಾಗಿ, ಒಮ್ಮೆ ಜೊತೆಯಾಗಿ ಸುತ್ತಿಸಿ ನೋಡಿದನು. ಅವರಲ್ಲಿ 20 ಮಕ್ಕಳು ಜೊತೆಯಿದ್ದಾಗ ವೇಗವಾಗಿ ಸುತ್ತಿದರು. 10 ಮಕ್ಕಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಉಳಿದ 10 ಮಕ್ಕಳು ಜೊತೆಯಿದ್ದುದರಿಂದಲೇ ತಡವರಿಸಿದರು. ಪ್ರತಿಸ್ಪರ್ಧಿಯ ಸಾನ್ನಿಧ್ಯದಿಂದ ಅವರ ಮನಸ್ಸು ಕಲಕಿ, ಸ್ನಾಯುಗಳು ಬಿಗಿದುಕೊಂಡಿದ್ದವು. ಜೊತೆಯಿಂದ ಉತ್ಸಾಹ ಹೆಚ್ಚುತ್ತದೆ ಎಂದು ಭಾಷಣ ಮಾಡುವವರು ಈ ಕೊನೆಯ ಹತ್ತು ಮಕ್ಕಳನ್ನು ಸಾಮಾನ್ಯವಾಗಿ ಮರೆಯುತ್ತಾರೆ. ತರಗತಿಯಲ್ಲಿ ಅವರ ಹೆಸರು ಹೇಳಬಲ್ಲವನು ಶಿಕ್ಷಕನೊಬ್ಬನೇ.

ಇದಕ್ಕೆ ವ್ಯತಿರಿಕ್ತವಾದುದನ್ನು ಫ್ರಾನ್ಸಿನ ಕೃಷಿ ಎಂಜಿನಿಯರ್ ರಿಂಗೆಲ್ಮನ್ ಕಂಡಿದ್ದನು. 1913ರಲ್ಲಿ ಪ್ರಕಟವಾದ ಅವನ ಪರೀಕ್ಷೆಗಳ ಪ್ರಕಾರ, ಒಂದೇ ಹಗ್ಗವನ್ನು ಎಳೆಯುವ ಜನರ ಸಂಖ್ಯೆ ಹೆಚ್ಚಿದಂತೆ ತಲಾ ಒಬ್ಬೊಬ್ಬರ ಎಳೆತ ಕಡಿಮೆಯಾಗುತ್ತಿತ್ತು. ತೇರಿನ ಹಗ್ಗ ಹಿಡಿದವರಲ್ಲಿ ಎಳೆಯುವವರೆಷ್ಟು, ಹಿಡಿದು ನಡೆಯುವವರೆಷ್ಟು ಎಂಬುದನ್ನು ಬಲ್ಲ ನಮಗೆ ಇದು ಹೊಸ ಸಂಗತಿಯಲ್ಲ.

ನಮ್ಮ ವಿಷಯಕ್ಕೆ ಅತ್ಯಂತ ಹತ್ತಿರವಾದುದು ಜರ್ಮನಿಯ ಒಟ್ಟೊ ಕ್ಯೋಲರನ ಪ್ರಯೋಗ. 1926ರ ಸುಮಾರಿಗೆ ಅವನು ಬರ್ಲಿನ್ನಿನ ದೋಣಿ ಹುಟ್ಟುಹಾಕುವ ಸಂಘದ ಯುವಕರಿಂದ ಭಾರ ಎತ್ತಿಸಿದನು. ಮೊದಲು ಒಬ್ಬೊಬ್ಬನೂ ದಣಿಯುವವರೆಗೆ ಎತ್ತಬೇಕು. ಅನಂತರ ಇಬ್ಬರು ಕೂಡಿ ಇಮ್ಮಡಿ ಭಾರದ ಒಂದೇ ಸರಳನ್ನು ಎತ್ತಬೇಕು. ಒಬ್ಬನು ಕೈಬಿಟ್ಟರೆ ಇಬ್ಬರ ಕೆಲಸವೂ ಮುಗಿದಂತೆ. ಆಗ ಬಲಹೀನನಾದವನು ಒಬ್ಬನೇ ಇದ್ದಾಗಿನದಕ್ಕಿಂತ ಹೆಚ್ಚು ಹೊತ್ತು ತಾಳಿದನು. ಆದರೆ ಎಲ್ಲ ಜೋಡಿಗಳಲ್ಲಿಯೂ ಹೀಗಾಗಲಿಲ್ಲ. ಇಬ್ಬರೂ ಸಮಬಲರಾಗಿದ್ದಲ್ಲಿ ಲಾಭ ಸ್ವಲ್ಪ. ಬಲದಲ್ಲಿ ಅಜಗಜಾಂತರವಿದ್ದಲ್ಲಿಯೂ ಲಾಭ ಸ್ವಲ್ಪ. ವ್ಯತ್ಯಾಸ ಮಧ್ಯಮವಾಗಿದ್ದಲ್ಲಿ ಲಾಭ ಅಧಿಕ. ಅಮೆರಿಕೆಯ ಫೆಲ್ಟ್ಸ್, ಕೆರ್, ಅರ್ವಿನ್ ಎಂಬ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ, ಪರದೆಯ ಮೇಲೆ ಮಾತ್ರ ಕಾಣುವ ಜೊತೆಗಾರನಿದ್ದಾಗ, ತನಗಿಂತ ಮಧ್ಯಮ ಪ್ರಮಾಣದಲ್ಲಿ ಮೇಲಾದವನ ಜೊತೆಯಲ್ಲಿಯೇ ಜನರು ಹೆಚ್ಚು ಹೊತ್ತು ಸಾಧನೆ ಮಾಡಿದರು. ಇದಕ್ಕೆ ಹೇಳಲಾಗುವ ಕಾರಣಗಳು ಎರಡು. ಮುಂದಿರುವವನನ್ನು ಮುಟ್ಟಬಲ್ಲೆನೆಂಬ ಆಸೆ ಒಂದು. ನಾನು ಬಿಟ್ಟರೆ ಇವನ ಶ್ರಮವೂ ವ್ಯರ್ಥವಾಗುತ್ತದೆ ಎಂಬ ಹೊಣೆ ಇನ್ನೊಂದು.

ಪರದೆಯ ಮೇಲಿನ ಜೊತೆಗಾರನೆಂದಾಗ ನಮಗೆ ವ್ಯಾಸಭಾರತ ನೆನಪಾಗದೆ ಇರದು. ದ್ರೋಣನ ಗರುಡಿಯಲ್ಲಿ ಸ್ಥಾನ ದೊರೆಯದ ಏಕಲವ್ಯನು ಮಣ್ಣಿನ ದ್ರೋಣನನ್ನು ನಿಲ್ಲಿಸಿಕೊಂಡು ಬಿಲ್ವಿದ್ಯೆ ಸಾಧಿಸಿದನು. ದುರ್ಯೋಧನನು ಕಬ್ಬಿಣದ ಭೀಮನನ್ನು ಮಾಡಿಸಿ, ಹದಿಮೂರು ವರ್ಷಗಳ ಕಾಲ ಅದರ ಮೇಲೆ ಗದೆಯನ್ನು ಬೀಸಿ ಸಾಧಿಸಿದನೆಂದು ಶಲ್ಯಪರ್ವದಲ್ಲಿ ಶ್ರೀಕೃಷ್ಣನು ಹೇಳುತ್ತಾನೆ. ಭೀಮನಿಗೆ ಬಲ ಹೆಚ್ಚು, ದುರ್ಯೋಧನನಿಗೆ ಅಭ್ಯಾಸ ಹೆಚ್ಚು ಎಂಬುದು ಅಲ್ಲಿಯ ಅಳತೆ. ಒಂದು ಪ್ರತಿಮೆ ಭಕ್ತಿಯದು, ಇನ್ನೊಂದು ಮತ್ಸರದ್ದು. ಎರಡೂ ಕೆಲಸ ಮಾಡಿದವು. ಇಬ್ಬರಿಗೂ ಸಜೀವ ಜೊತೆಗಾರ ದೊರೆಯದೆ ಹೋದದ್ದು ಮಾತ್ರ ಬೇರೆ ಬೇರೆ ಕಾರಣಗಳಿಂದ. ದುರ್ಯೋಧನನ ಕಾರಣ ಅವನದೇ ದ್ವೇಷ. ಏಕಲವ್ಯನ ಕಾರಣ ಅವನ ಹುಟ್ಟು. ನಾವು ಮಕ್ಕಳಿಗೆ ಏಕಲವ್ಯನ ಗುರುಭಕ್ತಿಯನ್ನು ಪಾಠ ಮಾಡುತ್ತೇವೆ. ಅವನ ಎದುರಿಗೆ ಒಬ್ಬನೂ ಬಿಲ್ಲು ಹಿಡಿದು ನಿಲ್ಲಲಿಲ್ಲವೆಂಬುದನ್ನು ಪಾಠ ಮಾಡುವುದಿಲ್ಲ.

ಇಲ್ಲಿಂದ ಸಾಮಾಜಿಕ ಭೇದದ ಪ್ರಶ್ನೆ ಏಳುತ್ತದೆ. ಪುರಾಣವನ್ನು ಬಿಟ್ಟು ಚರಿತ್ರೆಗೆ ಬರೋಣ. 1870ರ ದಶಕದಲ್ಲಿ ನಮ್ಮ ಧಾರವಾಡದಲ್ಲಿ ಜನಿಸಿದ ಪಾಲ್ವಂಕರ್ ಬಾಳೂ ಎಂಬ ಕ್ರಿಕೆಟ್ ಪಟುವಿನ ಜೀವನ ಈ ವಿಷಯಕ್ಕೆ ಕನ್ನಡಿಯಂತಿದೆ. ಅಸ್ಪೃಶ್ಯರೆಂದು ದೂರವಿರಿಸಲ್ಪಟ್ಟ ಚಮ್ಮಾರ ಸಮಾಜದಲ್ಲಿ ಹುಟ್ಟಿದ ಆತ ಪುಣೆಯಲ್ಲಿ ಮೊದಲು ಪಾರಸಿಗಳ ಕ್ರಿಕೆಟ್ ಸಂಘದಲ್ಲಿ ಅಂಕಣ ಗುಡಿಸುವ ಕೆಲಸಕ್ಕೆ ಸೇರಿದನು. ಅನಂತರ ಆಂಗ್ಲರ ಪೂನಾ ಕ್ಲಬ್ಬಿನಲ್ಲಿ ತಿಂಗಳಿಗೆ ನಾಲ್ಕು ರೂಪಾಯಿ ಸಂಬಳದ ಮೇಲೆ ಅಂಕಣ ಕಾಯುತ್ತ, ಅಲ್ಲಿಯ ಆಟಗಾರರಿಗೆ ಅಭ್ಯಾಸಕ್ಕಾಗಿ ಚೆಂಡೆಸೆಯುತ್ತಿದ್ದನು. ಅವರಲ್ಲಿ ಕ್ಯಾಪ್ಟನ್ ಗ್ರೆಗ್ ಎಂಬವನು ಅಂದಿನ ಶ್ರೇಷ್ಠ ದಾಂಡಿಗ. ದಿನದಿನವೂ ಗಂಟೆಗಟ್ಟಲೆ ಗ್ರೆಗ್‌ನಿಗೆ ಚೆಂಡೆಸೆದ ಬಾಳೂ ಅಪ್ರತಿಮ ಎಡಗೈ ಬೌಲರ್ ಆದನು. ಗ್ರೆಗ್‌ನ ದಾಂಡು ಕೂಡ ಆ ಎಸೆತಗಳಿಂದಲೇ ಹರಿತವಾಯಿತು. ಗ್ರೆಗ್ ತನ್ನನ್ನು ಔಟ್ ಮಾಡಿದಾಗಲೆಲ್ಲ ಬಾಳೂವಿಗೆ ಎಂಟಾಣೆ ಕೊಡುತ್ತಿದ್ದನೆಂದು ಪ್ರತೀತಿ. ಮೇಲುನೋಟಕ್ಕೆ ಇದು ಕ್ಯೋಲರನು ಮೆಚ್ಚುವಂಥ ಜೋಡಿ. ಆದರೆ ಅಷ್ಟು ವರ್ಷಗಳಲ್ಲಿ ಒಂದು ದಿನವೂ ಬಾಳೂವಿನ ಕೈಗೆ ಯಾರೂ ಬ್ಯಾಟು ಕೊಡಲಿಲ್ಲ. ಎಸೆಯುವುದು ಅವನ ಪಾಲು, ಹೊಡೆಯುವುದು ಅವರ ಪಾಲು.

ಅವನ ಎಸೆತದ ಕೀರ್ತಿ ಹಬ್ಬಿದ ಮೇಲೆ ಪುಣೆಯ ಹಿಂದೂ ತಂಡದವರು ಚರ್ಚೆ ಮಾಡಿ ಅವನನ್ನು ಸೇರಿಸಿಕೊಂಡರು. ಮೈದಾನದಲ್ಲಿ ಅವನು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಆದರೆ ಚಹದ ಸಮಯದಲ್ಲಿ ಅವನಿಗೆ ಮಂಟಪದ ಹೊರಗೆ, ಒಡೆದು ಬಿಸಾಡುವ ಮಣ್ಣಿನ ಬಟ್ಟಲಿನಲ್ಲಿ ಚಹ. ಇಷ್ಟಾದರೂ 1911ರಲ್ಲಿ ಭಾರತೀಯ ತಂಡದೊಂದಿಗೆ ಇಂಗ್ಲೆಂಡಿಗೆ ಹೋದ ಆತ ಆ ಪ್ರವಾಸದಲ್ಲಿ 114 ವಿಕೆಟ್ಟುಗಳನ್ನು ಪಡೆದನು. ಯೋಗ್ಯತೆಯಿದ್ದೂ ಹಿಂದೂ ತಂಡದ ನಾಯಕತ್ವ ಅವನಿಗೆ ದೊರೆಯಲಿಲ್ಲ. ಅವನ ತಮ್ಮ ವಿಠ್ಠಲನಿಗೆ 1923ರಲ್ಲಿ ಅದು ದೊರೆಯಿತು. ಅಪಮಾನವೇ ಆತನನ್ನು ಬೆಳೆಸಿತೆಂದು ಹೇಳುವವರಿದ್ದಾರೆ. ಆ ಮಾತು ನನಗೆ ಒಪ್ಪಿಗೆಯಿಲ್ಲ. ಮಣ್ಣಿನ ಬಟ್ಟಲಿನಿಂದ ಬೆಳೆದ ಬೌಲರ್ ಒಬ್ಬನ ಹೆಸರು ನಮಗೆ ಗೊತ್ತು. ಅದೇ ಬಟ್ಟಲನ್ನು ಕಂಡು ಮನೆಗೆ ಹೋದವರ ಹೆಸರು ಯಾರಿಗೂ ಗೊತ್ತಿಲ್ಲ. ಬಾಳೂವನ್ನು ಬೆಳೆಸಿದ್ದು ಪ್ರತಿದಿನ ಎದುರಿಗೆ ನಿಂತ ಸಮರ್ಥ ದಾಂಡಿಗ. ಕುಗ್ಗಿಸಿದ್ದು ಸರದಿಯಿಲ್ಲದ ಆಟ. ಈ ಎರಡನ್ನೂ ಬೇರ್ಪಡಿಸಿ ನೋಡಬೇಕು.

ಬಲದ ಭೇದವೂ ಸಮಾಜದ ಭೇದವೂ ಒಂದೇ ಬಗೆಯವಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಬಲದ ಭೇದವನ್ನು ಸಾಧನೆಯಿಂದ ದಾಟಬಹುದು. ಆದುದರಿಂದಲೇ ಅದು ಪ್ರೇರಿಸುತ್ತದೆ. ಹುಟ್ಟಿನ ಭೇದವನ್ನು ಎಷ್ಟು ದಂಡ ಹೊಡೆದರೂ ದಾಟಲಾಗದು. ಆದುದರಿಂದ ಅದು ಕೈಕಾಲು ಕಟ್ಟುತ್ತದೆ. ಗರಡಿಯ ಸಂಪ್ರದಾಯದಲ್ಲಿ ಈ ಎರಡನೆಯದನ್ನು ಬಾಗಿಲಲ್ಲಿಯೇ ಬಿಡಿಸುವ ಉಪಾಯಗಳಿವೆ. ಒಳಗೆ ಬಂದವನು ಅಂಗಿ, ಪಟಗ, ಪಾದರಕ್ಷೆಗಳನ್ನು ಕಳಚಿ ಲಂಗೋಟಿಯಲ್ಲಿ ನಿಲ್ಲುತ್ತಾನೆ. ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿದ ಕೆಮ್ಮಣ್ಣು ಮೈಗೆ ಹತ್ತಿದ ಮೇಲೆ ಗೌಡರ ಮಗನಾರು, ಕೂಲಿಯವನ ಮಗನಾರು ಎಂದು ದೂರದಿಂದ ಹೇಳಲಾಗದು. ಕಣದ ಮಣ್ಣನ್ನು ಸಲಿಕೆಯಿಂದ ಅಗೆದು ಹದಗೊಳಿಸುವ ಕೆಲಸ ಸರದಿಯ ಮೇಲೆ ಎಲ್ಲರಿಗೂ ಬರುತ್ತದೆ. ಆದರೆ ಗರಡಿಯನ್ನು ವಿನಾಕಾರಣ ಹೊಗಳುವುದು ಬೇಡ. ಎಲ್ಲರನ್ನೂ ಬಾಗಿಲೊಳಗೆ ಬಿಡುತ್ತಿದ್ದ ಗರಡಿಗಳಿದ್ದಂತೆಯೇ ಕೆಲವರನ್ನು ಹೊರಗೇ ನಿಲ್ಲಿಸಿದ ಗರಡಿಗಳೂ ಇದ್ದವು. ಹೆಣ್ಣುಮಕ್ಕಳಿಗಂತೂ ಬಹುಕಾಲ ಬಾಗಿಲೇ ಇರಲಿಲ್ಲ. ಒಳಗೆ ಎಷ್ಟೇ ಸಮತೆಯಿದ್ದರೂ ಬಾಗಿಲು ಕಾಯುವವನು ಯಾರು ಎಂಬುದರ ಮೇಲೆ ಅದರ ಬೆಲೆ ನಿಂತಿದೆ. ಕೊಲ್ಲಾಪುರದ ಶಾಹು ಮಹಾರಾಜರು ಕುಸ್ತಿಗೆ ಆಶ್ರಯವಿತ್ತ ಕೈಯಿಂದಲೇ 1902ರಲ್ಲಿ ಹಿಂದುಳಿದವರಿಗೆ ಸರಕಾರೀ ಸೇವೆಯಲ್ಲಿ ಅರ್ಧ ಭಾಗವನ್ನು ಮೀಸಲಿರಿಸಿದರು. ಕಣಕ್ಕೂ ಕಚೇರಿಗೂ ಅವರು ಎರಡು ನ್ಯಾಯಗಳನ್ನು ಇಟ್ಟುಕೊಳ್ಳಲಿಲ್ಲ.

ಸೈಕಲ್ಲಿನ ವಿಷಯದಲ್ಲಿ ಸರದಿಯ ಮಾತು ಇನ್ನೂ ಸ್ಪಷ್ಟ. ಸಾಲಾಗಿ ಹೋಗುವ ಸವಾರರಲ್ಲಿ ಮುಂದಿನವನು ಗಾಳಿಯನ್ನು ಸೀಳುತ್ತಾನೆ. ಹಿಂದಿನವನ ಶ್ರಮ ಬಹಳ ಉಳಿಯುತ್ತದೆ. ಆದ್ದರಿಂದ ಮುಂದಿನ ಸ್ಥಾನ ಸರದಿಯಂತೆ ಬದಲಾಗಬೇಕು. ನಮ್ಮ ಬಯಲುಸೀಮೆಯ ಎದುರುಗಾಳಿಯಲ್ಲಿ ತಿಕೋಟಾದಿಂದ ನಗರದವರೆಗೆ ಒಬ್ಬನನ್ನೇ ಮುಂದೆ ಬಿಟ್ಟರೆ ಅವನ ಗತಿ ಏನಾದೀತೆಂಬುದನ್ನು ಊಹಿಸಬಹುದು. ಗೇರುಗಳಿಲ್ಲದ ಹಳೆಯ ಸೈಕಲ್ಲಿನ ಹುಡುಗನನ್ನು ಪ್ರತಿಬಾರಿಯೂ ಗಾಳಿಗೆ ಮುಂದು ಮಾಡಿ, ಬೆಲೆಯುಳ್ಳ ಸೈಕಲ್ಲಿನ ಹುಡುಗ ಕೊನೆಯ ಫರ್ಲಾಂಗಿನಲ್ಲಿ ಮುನ್ನುಗ್ಗಿದರೆ, ಆ ಮೊದಲಿನವನು ಎರಡನೆಯ ವಾರದಲ್ಲಿ ಕಾಲುನೋವೆಂದು ಹೇಳಿ ಬಿಟ್ಟುಬಿಡುತ್ತಾನೆ. ಅದು ಕಾಲಿನ ನೋವಲ್ಲವೆಂಬುದನ್ನು ಶಿಕ್ಷಕರು ಅರಿಯಬೇಕು.

ವಸತಿ ಶಾಲೆಗಳಲ್ಲಿ ತಿಕೋಟಾ ಕಡೆಯ ದ್ರಾಕ್ಷಿ ತೋಟದ ಮಾಲೀಕರ ಮಕ್ಕಳೂ ಅದೇ ತೋಟದಲ್ಲಿ ಕೂಲಿ ಮಾಡುವವರ ಮಕ್ಕಳೂ ಒಂದೇ ಸಾಲಿನಲ್ಲಿ ನಿಲ್ಲುವುದುಂಟು. ಒಬ್ಬನ ಕಾಲಲ್ಲಿ ಸಾವಿರಾರು ರೂಪಾಯಿಯ ಬೂಟು, ಇನ್ನೊಬ್ಬನದು ಬರಿಗಾಲು. ಓಟದಲ್ಲಿ ಬರಿಗಾಲಿನವನೇ ಮುಂದಿರುವುದು ಅಪರೂಪವಲ್ಲ. ಆದರೂ ಜೊತೆ ಆರಿಸಿಕೊಳ್ಳಿರೆಂದರೆ ಬೂಟಿನವನು ಬೂಟಿನವನನ್ನೇ ಆರಿಸುತ್ತಾನೆ. ಆದುದರಿಂದ ಜೊತೆಯ ಆಯ್ಕೆಯನ್ನು ಮಕ್ಕಳಿಗೆ ಬಿಡಬಾರದೆಂಬುದು ನನ್ನ ಅಭಿಪ್ರಾಯ. ವಸ್ತಾದನೇ ಜೋಡಿ ಹಚ್ಚಬೇಕು. ಬಲದಲ್ಲಿ ತುಸು ವ್ಯತ್ಯಾಸವಿರಲಿ, ಮನೆತನದಲ್ಲಿ ಎಷ್ಟಾದರೂ ವ್ಯತ್ಯಾಸವಿರಲಿ, ಸರದಿಯಲ್ಲಿ ಮಾತ್ರ ವ್ಯತ್ಯಾಸ ಬೇಡ. ಆಯುರ್ವೇದ ಗ್ರಂಥಗಳು ವ್ಯಾಯಾಮವನ್ನು ಅರ್ಧಶಕ್ತಿಯವರೆಗೆ ಮಾಡಬೇಕೆಂದು ವಿಧಿಸುತ್ತವೆ. ಆ ಅರ್ಧವು ಅವರವರ ಶಕ್ತಿಯ ಅರ್ಧವೇ ಹೊರತು ಜೊತೆಗಾರನ ಶಕ್ತಿಯದಲ್ಲ. ಹಣೆ, ಮೂಗು, ಸಂದುಗಳಲ್ಲಿ ಬೆವರು ಕಾಣಿಸಿತೆಂದರೆ ನಿಲ್ಲಿಸುವ ಅಧಿಕಾರ ಇಬ್ಬರಿಗೂ ಇರಬೇಕು. ಬೇಸಗೆಯಲ್ಲಿ ಉಷ್ಣತೆ ನಾಲ್ವತ್ತು ಡಿಗ್ರಿಯನ್ನು ದಾಟುವ ನಮ್ಮ ಜಿಲ್ಲೆಯಲ್ಲಿ ಈ ಮಾತನ್ನು ಹಗುರವಾಗಿ ಎಣಿಸಲಾಗದು.

ಹಿರಿಯರ ವಿಷಯದಲ್ಲಿ ಒಂದು ಮಾತು. ಗೋಳಗುಮ್ಮಟದ ಸುತ್ತಲಿನ ಹಾದಿಗಳಲ್ಲಿ ಮುಂಜಾನೆ ನಡೆಯುವವರನ್ನು ನೋಡಿದರೆ, ನಿವೃತ್ತ ಅಧಿಕಾರಿಗಳು ಅಧಿಕಾರಿಗಳೊಡನೆ, ವ್ಯಾಪಾರಿಗಳು ವ್ಯಾಪಾರಿಗಳೊಡನೆ ನಡೆಯುವುದೇ ಹೆಚ್ಚು. ಮಾತು ಸಾಗುತ್ತದೆ, ಕಾಲು ಸಾಗುವುದೂ ಅಷ್ಟೇ ಎಂದು ಹೇಳಲಾರೆ. 2017ರಲ್ಲಿ ಆರಲ್ ಮತ್ತು ನಿಕೊಲೈಡೀಸ್ ಎಂಬವರು ಸುಮಾರು 11 ಲಕ್ಷ ಓಟಗಾರರ ಐದು ವರ್ಷಗಳ ದಾಖಲೆಗಳನ್ನು ಪರಿಶೀಲಿಸಿ ಒಂದು ಸೋಜಿಗವನ್ನು ತೋರಿಸಿದರು. ಕಡಿಮೆ ಓಡುವವರ ಓಟವು ಹೆಚ್ಚು ಓಡುವವರನ್ನು ಓಡಿಸುತ್ತದೆ; ಇದಕ್ಕೆ ವಿಪರ್ಯಯ ಅಷ್ಟಾಗಿ ಇಲ್ಲ. ಹಿಂದಿನವನು ಸಮೀಪಿಸುತ್ತಿದ್ದಾನೆಂಬ ಅಳುಕೇ ಮುಂದಿನವನಿಗೆ ಚಾವಟಿ. ಇನ್ನೊಂದು ಸಂಗತಿಯೆಂದರೆ ಗಂಡಸರು ಗಂಡಸರಿಂದಲೂ ಹೆಂಗಸರಿಂದಲೂ ಪ್ರೇರಿತರಾಗುತ್ತಾರೆ. ಹೆಂಗಸರು ಹೆಂಗಸರಿಂದ ಮಾತ್ರ. ಹೆಣ್ಣುಮಕ್ಕಳ ತಂಡಕ್ಕೆ ಗಂಡುಹುಡುಗರ ವೇಗವನ್ನು ತೋರಿಸಿ ಹುರಿದುಂಬಿಸಲು ಯತ್ನಿಸುವ ಶಿಕ್ಷಕರು ಇದನ್ನು ಲಕ್ಷಿಸುವುದು ಒಳಿತು. ಮೇಲಿನ ತರಗತಿಯ ಒಬ್ಬ ಹುಡುಗಿ ಮುಂದೆ ಓಡಿದರೆ ಸಾಕು.

ದಾನಿಗಳಲ್ಲಿಯೂ ಒಂದು ಬಿನ್ನಹವಿದೆ. ಹಳೆಯ ವಿದ್ಯಾರ್ಥಿಗಳು ತಮ್ಮ ಶಾಲೆಗೆ ಪಾರಿತೋಷಕದ ಬಟ್ಟಲುಗಳನ್ನು ಕೊಡುವುದುಂಟು. ಅವು ಗೆದ್ದವನ ಮನೆಗೆ ಹೋಗುತ್ತವೆ. ಅದರ ಬದಲು ತರಗತಿಯ ಎಲ್ಲರಿಗೂ ಒಂದೇ ಬಗೆಯ, ಒಂದೇ ಬಣ್ಣದ ಬೂಟುಗಳನ್ನು ಕೊಡಬಹುದು; ಸಾಧನೆ ಮಾಡುವ ಮಕ್ಕಳಿಗೆ ದಿನವೂ ಹಾಲು, ನೆನೆಸಿದ ಕಡಲೆ, ಶೇಂಗಾ, ಬೆಲ್ಲಗಳ ವ್ಯವಸ್ಥೆ ಮಾಡಬಹುದು. ಸರಕಾರವು 2013ರ ಆಗಸ್ಟಿನಲ್ಲಿ ಆರಂಭಿಸಿದ ಕ್ಷೀರಭಾಗ್ಯ ಯೋಜನೆಯಿಂದ ಮಕ್ಕಳಿಗೆ ಶಾಲೆಯಲ್ಲಿ ಹಾಲು ದೊರೆಯುತ್ತಿದೆ. ಆದರೆ ನಸುಕಿನಲ್ಲಿ ಎದ್ದು ಕಣಕ್ಕೆ ಇಳಿಯುವವನ ಹಸಿವೆ ಬೇರೆ. ಗರಡಿ ಕಟ್ಟಿಸಿಕೊಡುವ ಮನಸ್ಸುಳ್ಳವರು ಗೋಡೆಗೆ ಹೆಸರಿನ ಕಲ್ಲು ಕೂಡಿಸುವ ಮೊದಲು ಹತ್ತು ಸಲಿಕೆಗಳನ್ನು ಕೊಡಿಸಲಿ. ಯಾವ ದಿನ ಯಾವ ಇಬ್ಬರು ಮಣ್ಣು ಅಗೆಯಬೇಕೆಂಬ ಪಟ್ಟಿಯನ್ನು ಬಾಗಿಲ ಪಕ್ಕದಲ್ಲಿ ನಾನೇ ಬರೆದು ಅಂಟಿಸುತ್ತೇನೆ.